ಕ್ಯಾಂಪ್ ಕೈ

ಚೀಟಿಯ ಮೇಲಿನ ಹೆಸರಿಗಿಂತ ಮೊದಲು ಶಿವರಾಮುವಿನ ಕಣ್ಣಿಗೆ ಬಿದ್ದದ್ದು ಸಂಖ್ಯೆ. ಎಂಟುನೂರ ಹನ್ನೆರಡು. ಅಯ್ಯೋ ಪಾಪ, ಯಾರಪ್ಪ ಇದು, ಅಂದುಕೊಂಡ. ಆಮೇಲೆ ಹೆಸರು ಓದಿದ. ಓದಿದ ಮೇಲೆ ಆ ಪಾಪ ಅನ್ನುವ ಮಾತನ್ನು ಬಾಯೊಳಗೇ ಅಗಿದು ನುಂಗಿಬಿಟ್ಟ. ಡಾಕ್ಟರ್ ಮಾಧವ, ವಯಸ್ಸು ಎಪ್ಪತ್ತೆಂಟು, ಬಲಗಣ್ಣು. ಚೀಟಿ ತಂದ ಪ್ರೀತಿ, ಕಣ್ಣಿನ ಜೀವಕೋಶಗಳನ್ನು ಎಣಿಸುವ ಕೋಣೆಯವಳು, ಬಾಗಿಲಲ್ಲೇ ನಿಂತು "ಮೂರು ಸಲ ತೆಗ್ದೆ ಸಾರ್, ಅಷ್ಟೇ ಬರ್ತಿದೆ. ಎಡಗಣ್ಣೂ ಹೆಚ್ಚುಕಮ್ಮಿ ಹಂಗೇ ಇದೆ" ಅಂದಳು. ಕಣ್ಣಿನ ಮುಂದಿನ ಗಾಜಿಗೆ ಕಾರ್ನಿಯಾ ಅನ್ನುತ್ತಾರೆ. ಅದರ ಒಳಮೈಗೆ ಒಂದೇ ಒಂದು ಪದರ ಜೀವಕೋಶ ಅಂಟಿಕೊಂಡು, ಒಳಗೆ ಜಿನುಗುವ ನೀರನ್ನು ಹೊರಗೆ ಹಾಕುತ್ತಾ ಗಾಜನ್ನು ತಿಳಿಯಾಗಿ ಇಟ್ಟಿರುತ್ತದೆ. ಚದರ ಮಿಲಿಮೀಟರಿಗೆ ಎರಡು ಸಾವಿರದ ಮೇಲೆ ಇರಬೇಕಾದದ್ದು. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ತೀರಾ ಕಡಿಮೆಯಾದರೆ ಗಾಜು ನೀರು ಕುಡಿದು ಊದಿ, ಮಜ್ಜಿಗೆ ತೊಳೆದ ಲೋಟದ ಹಾಗಾಗುತ್ತದೆ. ಅವ್ವ ಮಂಚಮ್ಮನ ಚೀಟಿಯಲ್ಲಿ ಎಂಟುನೂರ ನಲವತ್ತಿತ್ತು. ಹನ್ನೊಂದು ವರ್ಷದ ಹಿಂದೆ ಆ ಚೀಟಿ ಶಿವರಾಮುವಿನ ಅಂಗಿಯ ಜೇಬಿನಲ್ಲಿ ಮಡಿಸಿಕೊಂಡು ಕೂತಿತ್ತು, ಅವನ ಬಾಯಿಯ ಹಾಗೆಯೇ.

"ಒಳಗೆ ಕಳಿಸು" ಅಂದ.

ಮಾಧವ ಬಂದ. ಬಂದ ಎಂದೇ ಹೇಳಬೇಕು. ಬಾಯಲ್ಲಿ ಎಷ್ಟು ಸಾರ್ ಸಾರ್ ಎಂದರೂ ಮನಸ್ಸಿನೊಳಗೆ ಆ ಮನುಷ್ಯನಿಗೆ ಬಹುವಚನ ಕೊಡುವುದನ್ನು ಶಿವರಾಮು ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ಅಗ್ರಹಾರದ ಈ ಕಣ್ಣಾಸ್ಪತ್ರೆಯನ್ನು ಇಪ್ಪತ್ತೈದು ವರ್ಷ ಆಳಿದವನು, ಹೆಂಡತಿ ಅಲಮೇಲುವಿನ ತೋಳು ಹಿಡಿದುಕೊಂಡು, ಹೊಸಲು ಎಡವಿ, "ಯಾವನಯ್ಯ ಇಲ್ಲಿ ಹೊಸಲು ಇಟ್ಟೋನು?" ಅಂದ. "ನೀವೇ ಕಣ್ರೀ" ಅಂದರು ಅಲಮೇಲು. ಹಿಂದೆಯೇ ಬಂದಿದ್ದ ಎಳೆಯ ಡಾಕ್ಟರುಗಳು ನಗು ತಡೆದುಕೊಂಡರು. ಶಿವರಾಮುವಿಗೂ ನಗು ಬಂತು, ಹೊಟ್ಟೆಯ ತಳದಿಂದ, ಹುಳಿಹುಳಿಯಾಗಿ. ಮಾಧವ ಆ ಎಳೆಯರ ಕಡೆ ತಿರುಗಿ, ಯಾರ ಮುಖವೂ ಸರಿಯಾಗಿ ಕಾಣದಿದ್ದರೂ ಹಳೆಯ ದರ್ಬಾರಿನ ಗತ್ತಿನಲ್ಲೇ, "ಇವನ ಕೈಕೆಳಗೆ ಇದ್ದೀರೇನ್ರಪ್ಪಾ? ಒಳ್ಳೇದು. ನಮ್ಮ ಶಿವರಾಮು. ನನ್ನ ಕ್ಯಾಂಪ್ ಕೈ" ಅಂದ.

ಕ್ಯಾಂಪ್ ಕೈ. ಆ ಎರಡು ಮಾತು ಕೇಳಿ ಎಷ್ಟು ದಿನವಾಗಿತ್ತು! ಆಸ್ಪತ್ರೆಯ ವ್ಯಾನು ಹಳ್ಳಿಗಳ ಕಡೆಗೆ ಹೊರಟಾಗಲೆಲ್ಲ ಅದರಲ್ಲಿ ಶಿವರಾಮು ಕೂತಿರುತ್ತಿದ್ದ. ಮಂಡಕಳ್ಳಿ, ಕೋಟೆ, ನರಸೀಪುರ, ಸ್ಕೂಲಿನ ಬೆಂಚು ಜೋಡಿಸಿ, ಜನರೇಟರಿನ ಬೆಳಕಿನಲ್ಲಿ, ದಿನಕ್ಕೆ ನಲವತ್ತು ಐವತ್ತು ಕಣ್ಣು. ಅಲ್ಲಿ ಮಿಷನ್ ಎಲ್ಲಿಂದ ಬರಬೇಕು? ಬಿಳಿಗುಡ್ಡೆಯಲ್ಲಿ ಉಗುರಗಲದ ಸುರಂಗ ಕೊರೆದು, ಗಟ್ಟಿಯಾದ ಪೊರೆಯನ್ನು ಇಡಿಯಾಗಿ, ಬೀಜ ಜಾರಿಸಿದ ಹಾಗೆ, ಕೈಯಿಂದಲೇ ಹೊರಗೆ ತರಬೇಕು. ಇತ್ತ ಆಸ್ಪತ್ರೆಯಲ್ಲಿ ಮಾಧವ ಫೇಕೋ ಮಿಷನ್ನಿನ ಮುಂದೆ ಕೂತು, ಸಣ್ಣ ತೂತಿನಿಂದ ಸೂಜಿ ತೂರಿಸಿ, ಶಬ್ದದ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರಿಸುತ್ತಿದ್ದ. ಆ ಸ್ಟೂಲಿನ ಹತ್ತಿರ ಶಿವರಾಮುವನ್ನು ಸೇರಿಸಿದವನಲ್ಲ. "ನಿಂದು ಮಣ್ಣು ಅಗೆದ ಕೈ ಕಣೋ, ಮಿಷನ್ ಕೆಟ್ಟುಹೋದೀತು" ಅಂದಿದ್ದ ಒಂದು ಸಲ, ನರ್ಸುಗಳ ಎದುರಿಗೆ, ತಮಾಷೆಗೆ. ತಮಾಷೆಗೇ ಅಂದದ್ದು. ತಮಾಷೆ ಎಂದ ಮೇಲೆ ನಗಬೇಕಲ್ಲ, ಶಿವರಾಮು ನಕ್ಕಿದ್ದ. ಆ ನಗುವನ್ನು ನೆನೆಸಿಕೊಂಡರೆ ಇವತ್ತಿಗೂ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮಾಧವ ರಿಟೈರಾದ ಮೇಲೆ ಮಿಷನ್ ಕಲಿತದ್ದಾಯಿತು, ಎಲ್ಲರಿಗಿಂತ ಚೆನ್ನಾಗಿಯೇ ಕಲಿತದ್ದಾಯಿತು. ಆದರೆ ನಗು ಹಿಂದಕ್ಕೆ ಬರುವುದಿಲ್ಲ.

ಮಾಧವನ ಗಲ್ಲವನ್ನು ದೀಪದ ಯಂತ್ರಕ್ಕೆ ಒರಗಿಸಿ ಕಣ್ಣೊಳಗೆ ನೋಡಿದ. ಕಾರ್ನಿಯಾದ ಒಳಮೈ ತಟ್ಟಿದ ತಾಮ್ರದ ಚೊಂಬಿನ ಹಾಗೆ ಗುಳಿಗುಳಿ. ಅದರ ಹಿಂದೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿದ್ದ ಪೊರೆ. "ಬೆಳಗ್ಗೆ ಹೊತ್ತು ಮಂಜು ಜಾಸ್ತಿನಾ ಸಾರ್?" ಅಂದ. "ಎದ್ದ ತಕ್ಷಣ ಇವಳ ಮುಖಕ್ಕೆ ಹೊಗೆ ಸುತ್ಕೊಂಡಿರತ್ತೆ ಕಣೋ. ಹನ್ನೊಂದು ಗಂಟೆ ಮೇಲೆ ಮೂಗು ಕಾಣಿಸತ್ತೆ" ಅಂದ ಮಾಧವ. ಮಂಚಮ್ಮನೂ ಹೀಗೇ ಹೇಳುತ್ತಿದ್ದಳು, ಬೆಳಗ್ಗೆ ಹೊಗೆ, ಮಧ್ಯಾಹ್ನ ವಾಸಿ. ಕಣ್ಣು ಯಾರದಾದರೇನು, ರೋಗಕ್ಕೆ ಅಗ್ರಹಾರ ಯಾವುದು ಮಂಡಕಳ್ಳಿ ಯಾವುದು ಗೊತ್ತಾಗುವುದಿಲ್ಲ.

"ಫೇಕೋ ತಾನೇ?" ಅಂದ ಮಾಧವ.

"ಕೌಂಟು ಎಂಟುನೂರ ಹನ್ನೆರಡು ಸಾರ್. ಪೊರೆ ಕಲ್ಲಾಗಿದೆ."

"ಗೊತ್ತು. ಅದಕ್ಕೇನೀಗ? ಎರಡು ವಿಧಾನಕ್ಕೂ ವ್ಯತ್ಯಾಸವಿಲ್ಲ ಅಂತ ಸಾವಿರ ಜನದ ಮುಂದೆ ಪೇಪರ್ ಓದಿದೋನು ನಾನು. ಈಗ ನಾನೇ ಕೈಯಲ್ಲಿ ಮಾಡಿಸ್ಕೊಂಡ್ರೆ ಈ ಮಕ್ಕಳು ನಗಲ್ವೇನಯ್ಯ?"

ಎಳೆಯರು ನೆಲ ನೋಡಿದರು. ಶಿವರಾಮು ಮಾತಾಡಬೇಕಾದ ಜಾಗ ಇದೇ. ಬೇಡಿ ಸಾರ್, ಮಿಷನ್ನಿನ ಕಂಪನ ಈ ಕಾರ್ನಿಯಾ ತಡೆಯೋದಿಲ್ಲ, ಕೈಯಲ್ಲಾದರೆ ಜೆಲ್ ತುಂಬಿ ಸವರಿಕೊಂಡ ಹಾಗೆ ತೆಗೀತೀನಿ, ಎನ್ನಬೇಕು. ನಾಲಿಗೆಯ ತುದಿಗೆ ಬೇರೆಯದೇ ಬಂತು, ಎಷ್ಟೋ ವರ್ಷದಿಂದ ಸವೆದು ನುಣ್ಣಗಾದ ಎರಡು ಮಾತು.

"ಆಯ್ತು ಸಾರ್."

ಅಂದ ಕೂಡಲೇ ಮೈಯೆಲ್ಲ ತಣ್ಣಗಾಯಿತು. ಆಹಾ! ಏನು ಸುಲಭ! ಕತ್ತಿ ಮಸೆಯಬೇಕಿಲ್ಲ, ವಿಷ ಅರೆಯಬೇಕಿಲ್ಲ. ಕೇಳಿದ್ದನ್ನು ಕೊಟ್ಟರೆ ಸಾಕು. ಮಿಷನ್ ಎಂದ, ಮಿಷನ್. ಒಂದು ತಿಂಗಳು ಊತ, ಇಳಿಯುತ್ತೆ ಸಾರ್. ಎರಡು ತಿಂಗಳು, ಸ್ವಲ್ಪ ಕಾಯೋಣ ಸಾರ್. ಆಮೇಲೆ ಹಗಲೆಲ್ಲ ಹೊಗೆ, ಅಲಮೇಲುವಿನ ಮೂಗು ಹನ್ನೊಂದಕ್ಕೂ ಇಲ್ಲ, ಹನ್ನೆರಡಕ್ಕೂ ಇಲ್ಲ. ಯಾರೂ ಬೆರಳು ತೋರಿಸುವ ಹಾಗಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ. ಗುರುವಾರಕ್ಕೆ ಆಪರೇಷನ್ ಎಂದು ಬರೆದ. ಒಪ್ಪಿಗೆ ಪತ್ರಕ್ಕೆ ಮಾಧವ ಸಹಿ ಹಾಕುವಾಗ ಪೆನ್ನು ಗೆರೆ ಬಿಟ್ಟು ಕೆಳಗಿಳಿದು, ಅಗತ್ಯ ಬಿದ್ದರೆ ವಿಧಾನ ಬದಲಿಸಲು ಒಪ್ಪಿದ್ದೇನೆ ಎಂಬ ಅಚ್ಚಿನ ಸಾಲಿನ ಮೇಲೆಯೇ ಹರಿದುಹೋಯಿತು.

ಮಧ್ಯಾಹ್ನ ಊಟ ಸೇರಲಿಲ್ಲ. ಆಸ್ಪತ್ರೆಯ ಹಿಂದಿನ ಇಕ್ಕಟ್ಟು ಬೀದಿಯಲ್ಲಿ, ಹೂವಿನಂಗಡಿಯ ಒದ್ದೆ ಗೋಣಿಚೀಲ ದಾಟಿ, ಸುಮ್ಮನೆ ನಡೆದ. ಹನ್ನೊಂದು ವರ್ಷದ ಹಿಂದಿನ ಆ ಪೇಪರಿನ ಲೆಕ್ಕವೆಲ್ಲ ತಾನೇ ಮಾಡಿದ್ದು. ಅರವತ್ತು ಕಣ್ಣು ಮಿಷನ್ನಿನಲ್ಲಿ, ಅರವತ್ತು ಕಣ್ಣು ಕೈಯಲ್ಲಿ. ಎಲ್ಲವೂ ಕಾರ್ನಿಯಾ ಕೆಟ್ಟವರದೇ. ಆಪರೇಷನ್ನಿಗೆ ಮುಂಚೆ ಎಣಿಸು, ಆರು ತಿಂಗಳಾದ ಮೇಲೆ ಎಣಿಸು. ಬರದಿದ್ದವರ ಮನೆ ಹುಡುಕಿಕೊಂಡು ಹೋಗಿ ಕರೆತಂದಿದ್ದ, ಒಬ್ಬ ಮುದುಕಿಯನ್ನಂತೂ ಸ್ಕೂಟರಿನಲ್ಲಿ. ಮೂರು ವರ್ಷದ ಕೆಲಸ. ಪೊರೆ ಮೆದುವಾಗಿದ್ದರೆ ಎರಡೂ ಒಂದೇ. ಪೊರೆ ಕಲ್ಲಾಗಿ ಕಾರ್ನಿಯಾವೂ ಸೋತಿದ್ದರೆ ಕೈಯೇ ವಾಸಿ, ಎಂದು ಕೊನೆಯ ಪುಟದಲ್ಲಿ ಬರೆದಿದ್ದ. ಮಾಧವ ಆ ಕೊನೆಯ ಪುಟಕ್ಕೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, "ವ್ಯತ್ಯಾಸವಿಲ್ಲ" ಎಂದು ಒಂದೇ ಪದ ಬರೆದು, ತನ್ನ ಹೆಸರಿನಲ್ಲಿ ಓದಿಬಂದ. ಕಲ್ಲು ಪೊರೆಯನ್ನೂ ಮೆದು ಪೊರೆಯನ್ನೂ ಒಂದೇ ರಾಶಿಗೆ ಸುರಿದರೆ ವ್ಯತ್ಯಾಸ ಎಲ್ಲಿ ಕಾಣಿಸೀತು? ಅವತ್ತೂ ಶಿವರಾಮು ಆಯ್ತು ಸಾರ್ ಎಂದಿದ್ದ. ಎದುರಿಗೆ ಬಂದ ಸೈಕಲ್ಲಿನವನು "ಏನ್ ಸ್ವಾಮಿ, ಕಣ್ಣು ಕಾಣಕಿಲ್ವಾ?" ಎಂದು ಬೈದುಕೊಂಡು ಹೋದ.

ಅದೇ ವರ್ಷ ಮಂಚಮ್ಮನ ಆಪರೇಷನ್. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು, ಉಳಿದಿದ್ದದ್ದು ಬಲಗಣ್ಣೊಂದೇ. ತಾನೇ ಕೈಯಲ್ಲಿ ಮಾಡುತ್ತೇನೆ ಎಂದುಕೊಂಡಿದ್ದ. ಹೊರ ಊರಿನ ದೊಡ್ಡ ಡಾಕ್ಟರುಗಳು ಮಿಷನ್ ನೋಡಲು ಬಂದಿದ್ದರು, ಮಾಧವನಿಗೆ ಒಂದು ಗಟ್ಟಿ ಪೊರೆ ಬೇಕಾಗಿತ್ತು. "ನಿಮ್ಮಮ್ಮಂದು ಇದೆಯಲ್ಲೋ. ನಾನೇ ಮಾಡ್ತೀನಿ, ಪುಣ್ಯ ಮಾಡಿದಾಳೆ." ಹಸಿರು ಬಟ್ಟೆಯ ಕೆಳಗೆ ಅವ್ವ ಕೈಮುಗಿದುಕೊಂಡು ಮಲಗಿದ್ದಳು. ಕೈ ತೊಳೆದು ಬಂದ ಮಾಧವ ಏನೋ ಕೇಳಿದ. ಏನು ಕೇಳಿದ ಎಂದು ಶಿವರಾಮು ನೆನೆಸಿಕೊಳ್ಳುವುದಿಲ್ಲ. ತಾನು ಆಯ್ತು ಸಾರ್ ಅಂದದ್ದು ನೆನಪಿದೆ, ಮಿಷನ್ ಗುಂಯ್ ಎಂದದ್ದು ನೆನಪಿದೆ. ಮೂರು ತಿಂಗಳಿಗೆ ಅವ್ವನ ಕಣ್ಣು ಬೆಳ್ಳಗಾಯಿತು. ಬೇರೆ ಕಾರ್ನಿಯಾ ಹಾಕಿಸೋಣ ಅಂದರೆ "ಒಂದ್ಸಲ ಕೂಯ್ಸ್ಕಂಡಿದ್ದು ಸಾಕು ಬುಡ್ಲಾ, ಸತ್ತೋರ ಕಣ್ಣು ಮಡಿಕಂಡು ಇನ್ನೇನ್ ನೋಡ್ಬೇಕು" ಅಂದಳು. ಆರು ವರ್ಷ ಹಾಗೇ ಬದುಕಿದಳು. ಮಂಡಕಳ್ಳಿಯಲ್ಲಿ ವಿಮಾನ ಇಳಿಯುವ ಸದ್ದಿಗೆ ಮುಖ ಎತ್ತುತ್ತಿದ್ದಳು, ವಿಮಾನ ಇಲ್ಲದ ಕಡೆಗೆ. ಭಾನುವಾರ ಶಿವರಾಮು ಹೋಗಿ ಜಗಲಿಯ ಕಂಬಕ್ಕೆ ಒರಗಿ ಸದ್ದಿಲ್ಲದೆ ನಿಂತುಬಿಡುತ್ತಿದ್ದ. ಮಾತಾಡಿದರೆ ಅವಳು ನಗುತ್ತಾಳೆ, ಆ ನಗು ತಡೆಯಲಾಗುತ್ತಿರಲಿಲ್ಲ. ವಾಸನೆಯಿಂದಲೋ ಏನೋ ಅವಳಿಗೆ ಗೊತ್ತಾಗುತ್ತಿತ್ತು. "ಯಾರ್ಲಾ ಅಲ್ಲಿ, ಸಿವ್ರಾಮುನಾ? ಅಲ್ಲೇ ಇದ್ದೀಯೇನ್ಲಾ? ಮಾತಾಡ್ಲಾ."

ಬುಧವಾರ ಥಿಯೇಟರಿನ ಹಿರಿಯ ನರ್ಸ್ ಬೆಟ್ಟಮ್ಮ ಕಾರಿಡಾರಿನಲ್ಲಿ ಅಡ್ಡಗಟ್ಟಿದಳು. ಕ್ಯಾಂಪಿನ ಕಾಲದಿಂದ ಜೊತೆಗಿದ್ದವಳು, ಅವಳ ಬಾಯಿಗೆ ಬೀಗವಿಲ್ಲ. "ಏನ್ ಸಾ, ದೊಡ್ಡ ಡಾಕ್ಟ್ರಿಗೆ ಮಿಷನ್ ಅಂತ ಬರ್ದಿದ್ದೀರಿ? ನಿಮ್ಮವ್ವಂಗಾದದ್ದೇ ಆಯ್ತದೆ."

"ಅವರೇ ಕೇಳಿದ್ದು ಬೆಟ್ಟಮ್ಮ."

"ಕೇಳಿದ್ರೆ ಇಸಾನೂ ಕೊಟ್ಬುಡ್ತೀರಾ?"

"ಪೇಷೆಂಟು ಕೇಳಿದ್ದು ಕೊಡಬೇಕು. ಅದು ಅವರ ಹಕ್ಕು."

ಬೆಟ್ಟಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿ, "ಮಾಡಿದ್ದುಣ್ಣೋ ಮಹರಾಯ ಅಂತಾರೆ, ದಿಟ. ಆದ್ರೆ ಬಡಿಸೋ ಕೈ ನಿಮ್ದಾಯ್ತದಲ್ಲ ಸಾ" ಅಂದು, ಹತ್ತಿ ಬಟ್ಟೆಯ ಡಬ್ಬ ಎತ್ತಿಕೊಂಡು ಹೋದಳು. ಇವಳಿಗೇನು ಗೊತ್ತು, ಎಂದುಕೊಂಡ ಶಿವರಾಮು. ಇವಳ ಅವ್ವ ವಿಮಾನಕ್ಕೆ ತಪ್ಪು ದಿಕ್ಕಿನಲ್ಲಿ ಮುಖ ಎತ್ತಿದ್ದಳೇ?

ಗುರುವಾರ ಬೆಳಗ್ಗೆ ಮೊದಲನೆಯ ಕೇಸು. ಕಣ್ಣಿನ ಪಕ್ಕ ಸೂಜಿ ಚುಚ್ಚಿ ಮರಗಟ್ಟಿಸಿದ್ದಾಗಿತ್ತು. ಮಾಧವ ಎಚ್ಚರವಾಗಿಯೇ ಹಸಿರು ಬಟ್ಟೆಯ ಕೆಳಗಿದ್ದ. ಬಟ್ಟೆಯ ತೂತಿನಿಂದ ಒಂದು ಕಣ್ಣು ಮಾತ್ರ ಹೊರಗೆ. ಎಳೆಯ ಡಾಕ್ಟರುಗಳನ್ನು ಶಿವರಾಮು ಬೇರೆ ಥಿಯೇಟರಿಗೆ ಕಳಿಸಿದ್ದ. ಅವ್ವನ ದಿನ ಹತ್ತು ಜನ ನೋಡುವವರಿದ್ದರು, ಇವತ್ತು ತಾನೊಬ್ಬನೇ ನೋಡಬೇಕು ಎನ್ನುವ ಜಿಪುಣತನ. ಬೆಟ್ಟಮ್ಮ "ಮಿಷನ್ ರೆಡಿ ಸಾ" ಅಂದಳು. ತಟ್ಟೆಯಲ್ಲಿ ಕೈ ಆಪರೇಷನ್ನಿನ ಸಾಮಾನೂ ಇತ್ತು. ಯಾಕಿಟ್ಟೆ ಎಂದು ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಲಗಾಲನ್ನು ಮಿಷನ್ನಿನ ಪೆಡಲಿನ ಮೇಲಿಟ್ಟ. ಮೈಕ್ರೋಸ್ಕೋಪಿನೊಳಗೆ ಬಾಗಿದ. ತಾಮ್ರದ ಗುಳಿಗಳು ಇಷ್ಟಿಷ್ಟಗಲ ಎದ್ದು ಬಂದವು. ಹಣೆಯಿಲ್ಲ, ಮೂಗಿಲ್ಲ, ಗತ್ತಿಲ್ಲ. ಅವ್ವನ ಕಣ್ಣೇ ಅದು. ಥೂ, ಅಲ್ಲ, ಇದು ಆ ಮುದುಕನ ಕಣ್ಣು, ಎಂದು ಹಲ್ಲು ಕಚ್ಚಿ ಫೇಕೋದ ಪುಟ್ಟ ಬ್ಲೇಡಿಗೆ ಕೈ ಚಾಚಹೋದ. ಕೈ ಮಾತ್ರ ಅತ್ತ ಹೋಗಲಿಲ್ಲ. ದಯೆಯಿಂದಲ್ಲ, ಖಂಡಿತ ಅಲ್ಲ. ದಯೆಯಾಗಿದ್ದರೆ ಶಿವರಾಮುವಿಗೆ ಗೊತ್ತಾಗುತ್ತಿತ್ತು. ಕೈಗೆ ಕೋಪ ಬಂದಿತ್ತು. ಇಷ್ಟು ವರ್ಷ ಮುರುಕು ಬೆಂಚಿನ ಮೇಲೆ, ಆರಿ ಆರಿ ಹತ್ತುವ ದೀಪದಲ್ಲಿ, ಬೇಕೆಂದು ಒಂದು ಕಣ್ಣನ್ನೂ ಕೆಡಿಸದ ಕೈ. ಈ ಮನುಷ್ಯನ ಸಲುವಾಗಿ ನಾನು ಯಾಕೆ ಹೊಲಸಾಗಲಿ ಎನ್ನುವ ಹಾಗೆ ಅಲ್ಲೇ ನಿಂತಿತ್ತು. ನಿಂತಲ್ಲೇ ಶಿವರಾಮುವಿಗೆ ಇನ್ನೊಂದು ಹೊಳೆಯಿತು, ಮೊದಲಿನದಕ್ಕಿಂತ ರುಚಿಯಾದದ್ದು. ಕುರುಡಾದರೆ ಒಂದು ದಿನದ ಸಂಕಟ, ಆಮೇಲೆ ಒಗ್ಗಿಹೋಗುತ್ತದೆ. ಕಾಣಲಿ ಅವನಿಗೆ. ಹೆಂಡತಿಯ ಮೂಗು, ಪೇಪರಿನ ಅಕ್ಷರ, ಅನ್ನದಲ್ಲಿಯ ಕಲ್ಲು, ಎಲ್ಲ ಕಾಣಲಿ, ಒಂದೊಂದೂ ಈ ಮಣ್ಣು ಅಗೆದ ಕೈಯಿಂದಲೇ ಕಾಣುತ್ತಿದೆ ಎಂದು ಗೊತ್ತಾಗಿ ಕಾಣಲಿ. ನಾಳೆ ಪಟ್ಟಿ ಬಿಚ್ಚಿದ ಮೇಲೆ ಹೇಳುತ್ತೇನೆ.

"ಏನೋ, ಶುರು ಮಾಡ್ಲಿಲ್ವೇ?" ಬಟ್ಟೆಯ ಕೆಳಗಿನಿಂದ ಮಾಧವನ ದನಿ. "ಮಿಷನ್ ಕೇಳಿಸ್ತಿಲ್ವಲ್ಲೋ."

ಶಿವರಾಮು ಮಿಷನ್ನಿನ ಸೂಜಿಯನ್ನು ಬೆಟ್ಟಮ್ಮನ ಕೈಗೆ ಕೊಟ್ಟು, ನೀರು ತುಂಬಿದ ಸ್ಟೀಲ್ ಬಟ್ಟಲನ್ನು ಕಣ್ಣಲ್ಲೇ ತೋರಿಸಿದ. ಅವಳು ಸೂಜಿಯನ್ನು ಬಟ್ಟಲಿನ ನೀರಿಗೆ ಅದ್ದಿ ಹಿಡಿದಳು. ಇವನು ಪೆಡಲ್ ಒತ್ತಿದ. ಗುಂಯ್ ಎಂದಿತು. "ಹ್ಞಾ" ಅಂದ ಮಾಧವ, ಸಮಾಧಾನವಾಗಿ. ಕಾಲು ಬಟ್ಟಲಿನ ನೀರನ್ನು ಕಲಕುತ್ತಿತ್ತು, ಕೈ ಕ್ಯಾಂಪಿನ ಕೆಲಸ ಮಾಡುತ್ತಿತ್ತು. ಬಿಳಿಗುಡ್ಡೆಯಲ್ಲಿ ಸುರಂಗ, ಒಳಗೆ ಧಾರಾಳವಾಗಿ ಜೆಲ್, ಕಲ್ಲು ಪೊರೆ ಮೆಲ್ಲಗೆ ಮಗ್ಗುಲು ತಿರುಗಿ ಮೇಲೆದ್ದು, ತಾಮ್ರದ ಗುಳಿಗಳಿಗೆ ಸೋಕದೆ ತಂತಿಯ ಕೊಕ್ಕೆಯ ಮೇಲೆ ಕೂತು ಹೊರಗೆ ಬಂತು. ಬಡ್ಡೀಮಗಂದು, ಎಂಥ ಚೆಂದ ಬಂತು! ಹೊಸ ಲೆನ್ಸು ಕೂರಿಸಿದ. ಹೊಲಿಗೆಯೂ ಬೇಕಾಗಲಿಲ್ಲ. ಬೆಟ್ಟಮ್ಮನ ಕಣ್ಣಲ್ಲಿ ನೀರಿತ್ತು, ಅದು ಇವನಿಗೆ ಇಷ್ಟವಾಗಲಿಲ್ಲ. ಪೆಡಲಿನಿಂದ ಕಾಲು ತೆಗೆದು, "ಆಯ್ತು ಸಾರ್" ಅಂದ.

ಮರುದಿನ ಬೆಳಗ್ಗೆ ಎಂಟಕ್ಕೆ ಪಟ್ಟಿ ಬಿಚ್ಚಿದ. ಗಾಜು ತಿಳಿಯಾಗಿತ್ತು, ಅವನು ಅಂದುಕೊಂಡದ್ದಕ್ಕಿಂತ ತಿಳಿಯಾಗಿತ್ತು. ಮಾಧವ ಮೊದಲು ಗೋಡೆ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿ, "ಎಷ್ಟು ವಯಸ್ಸಾಗಿಹೋಯ್ತೇ ನಿಂಗೆ" ಅಂದ. ಅಲಮೇಲು ಅಳುತ್ತಾ ನಗುತ್ತಾ ಕಾಫಿ ತರುತ್ತೇನೆಂದು ಫ್ಲಾಸ್ಕು ಹಿಡಿದು ಹೊರಗೆ ಹೋದರು. ಈಗ ಕೋಣೆಯಲ್ಲಿ ಇಬ್ಬರೇ. ನಿನ್ನೆಯಿಂದ ಹುರಿದು ಹುರಿದು ಇಟ್ಟುಕೊಂಡಿದ್ದ ಮಾತನ್ನು ಶಿವರಾಮು ತೆಗೆದ.

"ಮಿಷನ್ ಅಲ್ಲ ಸಾರ್ ಮಾಡಿದ್ದು. ಕೈ. ಕ್ಯಾಂಪ್ ಕೈ."

ಮಾಧವನ ಮುಖ ಕಪ್ಪಿಡಬೇಕಿತ್ತು. ಕಪ್ಪಿಡಲಿಲ್ಲ. ಹೊಸ ಕಣ್ಣಿನಲ್ಲಿ ಇವನನ್ನು ಮೇಲಿನಿಂದ ಕೆಳಗೆ ನೋಡಿದ, ಮಗು ನೋಡಿದ ಹಾಗೆ. "ಗೊತ್ತು ಕಣೋ. ಬಟ್ಟಲ ನೀರು ಕಲಕೋ ಶಬ್ದಕ್ಕೂ ಕಣ್ಣೊಳಗೆ ಪೊರೆ ಒಡೆಯೋ ಶಬ್ದಕ್ಕೂ ವ್ಯತ್ಯಾಸ ಗೊತ್ತಿಲ್ವೇನೋ ನಂಗೆ? ಆ ಮಿಷನ್ ಮುಂದೆ ಅರ್ಧ ಆಯಸ್ಸು ಕೂತೋನು."

"ಮತ್ತೆ ಮಿಷನ್ನೇ ಬೇಕು ಅಂತ ಯಾಕಂದ್ರಿ?"

"ಆ ಹುಡುಗರ ಮುಂದೆ ಇನ್ನೇನನ್ಲಿ? ಬಾಯಲ್ಲಿ ಮಿಷನ್ ಅಂದೆ. ಬಂದದ್ದು ನಿನ್ನ ಕೈಗೇ. ನೀನು ಕೆಡಿಸಲ್ಲ ಅಂತ ಗೊತ್ತಿತ್ತು."

ಕೋಪಕ್ಕೆ ಶಿವರಾಮುವಿನ ಕಿವಿ ಬಿಸಿಯಾಯಿತು. ಸೇಡು ಎಂದುಕೊಂಡು ಮಾಡಿದ್ದನ್ನೂ ಈ ಮನುಷ್ಯ ಮೊದಲೇ ಗೊತ್ತು ಮಾಡಿಕೊಂಡು, ತನಗೆ ಬೇಕಾದ ಹಾಗೆ ಬಳಸಿಕೊಂಡುಬಿಟ್ಟಿದ್ದ. "ಹಂಗಾದ್ರೆ ನಮ್ಮವ್ವನ ದಿನ?" ಅಂದ. ದನಿ ಏರಿತ್ತು. "ಅವಳ ಕೌಂಟು ಎಂಟುನೂರ ನಲವತ್ತಿತ್ತು. ಅವತ್ತು ಗೊತ್ತಿರ್ಲಿಲ್ವಾ ನಿಮಗೆ ವ್ಯತ್ಯಾಸ?"

ಮಾಧವ ಮೆಲ್ಲಗೆ ಅಂದ. "ಅವತ್ತು ಹೊರಗಿನವರು ಬಂದಿದ್ರು. ನಾನು ಸರಿಯಾಗಿ ನೋಡ್ಲಿಲ್ಲ, ಅದು ನನ್ನ ತಪ್ಪು. ಆದ್ರೆ ಕೇಳಿದ್ದೆ. ಕೈ ತೊಳ್ಕೊಂಡು ಬಂದು ನಿನ್ನನ್ನೇ ಕೇಳ್ದೆ. 'ಕಾರ್ನಿಯಾ ಪರವಾಗಿಲ್ವೇನೋ? ಶುರು ಮಾಡ್ಲಾ?' ಅಂತ. ಚೀಟಿ ನಿನ್ನ ಜೇಬಲ್ಲಿತ್ತಂತೆ, ಬೆಟ್ಟಮ್ಮ ಆಮೇಲೆ ಹೇಳಿದ್ಲು. ನೀನು 'ಆಯ್ತು ಸಾರ್' ಅಂದೆ."

ಹೊರಗೆ ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಬಕೆಟ್ಟು ಎಳೆದ ಸದ್ದು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಯಿತು. ಹೌದು, ಕೇಳಿದ್ದ. ಅದನ್ನೇ ಕೇಳಿದ್ದ. ಅಷ್ಟೇ ಮಾತು, ಅದೇ ದನಿ. ಹನ್ನೊಂದು ವರ್ಷ ಶಿವರಾಮು ಅದರ ಮೇಲೆ ಬಂಡೆ ಎಳೆದು ಕೂತಿದ್ದ. ಪರವಾಗಿಲ್ಲ ಅನ್ನಲಾಗದೆ, ಬೇಡ ಎನ್ನುವ ಧೈರ್ಯವಿಲ್ಲದೆ, ಹೊರಗಿನವರ ಎದುರಿಗೆ ಸಾಹೇಬರ ಮಾತು ತೆಗೆದುಹಾಕಿದ ಅನ್ನಿಸಿಕೊಳ್ಳುವ ಹೆದರಿಕೆಗೆ, ಹೌದೂ ಅಲ್ಲದ ಇಲ್ಲವೂ ಅಲ್ಲದ ಆ ಎರಡು ಮಾತು ಉಗುಳಿದ್ದ. ಎಂಥ ಹೇಡಿ! ಅವ್ವ ಬಟ್ಟೆಯ ಕೆಳಗೆ ಎಲ್ಲ ಕೇಳಿಸಿಕೊಂಡಿದ್ದಳಲ್ಲ. ಮಗನ ದನಿ ಕೇಳಿದ ಮೇಲೆಯೇ ಅವಳು ಕೈ ಸಡಿಲಿಸಿ ಪಕ್ಕಕ್ಕಿಟ್ಟದ್ದು.

"ಆದದ್ದಾಯ್ತು" ಅಂದ ಮಾಧವ. ದನಿಯಲ್ಲಿ ಹಳೆಯ ಗತ್ತು ಮೆಲ್ಲಗೆ ಮರಳಿತ್ತು. "ಇನ್ನು ಎಡಗಣ್ಣು. ಬರೋ ತಿಂಗಳು ಇಟ್ಕೊಳ್ಳೋಣ. ಹೀಗೇ, ಬಟ್ಟಲು ಗಿಟ್ಟಲು ಎಲ್ಲ ಇರಲಿ, ಹೊರಗೆ ಗೊತ್ತಾಗೋದು ಬೇಡ. ಏನಂತೀ?"

ನಾಲಿಗೆ ತಾನಾಗಿಯೇ ಮೇಲೆದ್ದಿತು. ಆ ಎಂದು ಶುರುವೂ ಆಯಿತು. ಶಿವರಾಮು ಹಲ್ಲು ಕಚ್ಚಿ ಅದನ್ನು ಅಲ್ಲಿಯೇ ಹಿಡಿದ.

"ಆಗಲ್ಲ ಸಾರ್."

"ಏನು?"

"ಆಗಲ್ಲ ಅಂದೆ. ಎಡಗಣ್ಣು ನಾನು ಮುಟ್ಟಲ್ಲ. ಎಲ್ಲಾದ್ರೂ ಮಿಷನ್ನಲ್ಲೇ ಮಾಡಿಸ್ಕೊಳಿ. ವ್ಯತ್ಯಾಸವಿಲ್ಲ ಅಂತ ನೀವೇ ಬರ್ದಿದ್ದೀರಲ್ಲ."

ಎಷ್ಟು ಸಲೀಸಾಗಿ ಬಂತು! ಅಟ್ಟ ಮೇಲೆ ಉರಿದ ಒಲೆ. ಇಷ್ಟೇ ಇಷ್ಟು ಉಸಿರು ಸಾಕಾಗಿತ್ತು ಅವತ್ತು. ಮಾಧವ ಡಾಕ್ಟರುಗಳ ಅಭ್ಯಾಸದಂತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಉಳಿದ ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ನೋಡಲು ಹೊರಟ. ಬೆಳಗಿನ ಹೊತ್ತು, ಹೊಗೆ ದಟ್ಟವಾಗಿರುವ ಸಮಯ. ಎಡಗಣ್ಣು ತೆರೆದೇ ಇತ್ತು. ಮುಖ ಸ್ವಲ್ಪ ಮೇಲಕ್ಕೆತ್ತಿ, ಶಿವರಾಮು ಇಲ್ಲದ ಕಡೆಗೆ ತಿರುಗಿಸಿದ.

"ಶಿವರಾಮು?" ಅಂದ. "ಅಲ್ಲೇ ಇದ್ದೀಯೇನೋ? ಮಾತಾಡೋ."

ಶಿವರಾಮು ಮಂಚದ ಕಾಲಿಗೆ ಒರಗಿ ಒಂದು ಮಾರು ದೂರದಲ್ಲೇ ನಿಂತಿದ್ದ. ಮಾತಾಡಲಿಲ್ಲ.